ಇಂದಿನ ಧಮ್ಮ ಚಿಂತನೆ: ಅವ್ವನ ಟ್ರಂಕಿನಲ್ಲಿದ್ದ ಮಣ್ಣೆತ್ತು

ಹೋದ ಭಾನುವಾರದ ಕೂಟದಲ್ಲಿ ಚನ್ನಗಿರಿಯ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಮೇಷ್ಟ್ರೇ, ನಾವು ಶ್ರಾದ್ಧ, ಎಡೆ ಎಲ್ಲಾ ಬಿಟ್ಟವರು. ಆಸೆಯೇ ದುಃಖಕ್ಕೆ ಮೂಲ ಅಂತ ವಾರವಾರ ಓದುತ್ತೇವೆ. ಹಾಗಿದ್ದರೆ ತೀರಿಹೋದ ನನ್ನ ಮಗನ ಅಂಗಿಯನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದೇನಲ್ಲ, ಅದು ತಪ್ಪೇ?"

ಬಳಗದಲ್ಲಿ ಹಿರಿಯನೆಂದು ಎಲ್ಲರೂ ನನ್ನ ಕಡೆ ನೋಡಿದರು. ಇದೇ ಪ್ರಶ್ನೆಯನ್ನು ಮೂರು ವರ್ಷದ ಹಿಂದೆ ಕೇಳಿದ್ದರೆ ಅಲ್ಲೇ ಉತ್ತರ ಹೇಳಿಬಿಡುತ್ತಿದ್ದೆ. ಅಂದು ಬಾಯಿ ಬರಲಿಲ್ಲ. "ಬರೆದು ಕಳಿಸುತ್ತೇನೆ ತಾಯಿ" ಎಂದೆ. ಇದು ಆ ಬರಹ. ಇದರಲ್ಲಿ ಧಮ್ಮದ ಮಾತಿಗಿಂತ ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ನಮ್ಮ ಮೂಲ ಊರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನಾನು ಹುಟ್ಟಿದ್ದು 1968ರಲ್ಲಿ. ನನಗಿಂತ ಮೊದಲು ಇಬ್ಬರು ಅಕ್ಕಂದಿರು. ದೊಡ್ಡಕ್ಕನನ್ನು ಹೊನ್ನಾಳಿ ಕಡೆ ಕೊಟ್ಟಿದೆ. ಇನ್ನೊಬ್ಬಳು ಸಣ್ಣಕ್ಕ, ಆರು ವರ್ಷದವಳಿದ್ದಾಗ ಹೋದಳು. ಆಗ ನನಗೆ ಮೂರು ವರ್ಷ. ಅವಳ ಮುಖ ನನಗೆ ನೆನಪಿಲ್ಲ. ಮನೆಯಲ್ಲಿ ಅವಳದೊಂದು ಫೋಟೊ ಇಲ್ಲ. ಆ ಕಾಲದಲ್ಲಿ ನಮ್ಮ ಕೇರಿಯಲ್ಲಿ ಯಾವ ಮಗುವಿನ ಫೋಟೊ ಇತ್ತು? ಅವ್ವ ಅವಳ ಬಗ್ಗೆ ಮಾತಾಡುತ್ತಿರಲಿಲ್ಲ. "ಒಂದು ಹೋತು" ಅನ್ನುವುದೊಂದೇ ಮಾತು. ನಾವೂ ಕೇಳಲಿಲ್ಲ.

ನನಗೆ ಮೇಷ್ಟ್ರ ಕೆಲಸ ಸಿಕ್ಕು, ನ್ಯಾಮತಿಯಲ್ಲಿ ಮನೆ ಮಾಡಿದ ಮೇಲೆ ಅವ್ವ ನನ್ನ ಜೊತೆಗೇ ಬಂದಳು. ತಂದ ಸಾಮಾನು ಹೆಚ್ಚೇನಿಲ್ಲ. ಒಂದು ತಗಡಿನ ಟ್ರಂಕು, ಒಂದು ಒಳಕಲ್ಲು, ದೇವರ ಗೂಡಿನಲ್ಲಿಡುವ ನಾಲ್ಕು ಪಟಗಳು. ಆ ಪಟಗಳ ಪಕ್ಕದಲ್ಲಿ ಒಂದು ಮಣ್ಣಿನ ಎತ್ತು ಇರುತ್ತಿತ್ತು. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುತ್ತಾರಲ್ಲ, ಅಂಥದ್ದು. ಹಬ್ಬ ಮುಗಿದ ಮೇಲೆ ಅದನ್ನು ಹೊಲದಲ್ಲೋ ನೀರಿನಲ್ಲೋ ಬಿಡುವುದು ವಾಡಿಕೆ. ಇದೊಂದು ಎತ್ತು ಮಾತ್ರ ವರ್ಷಾನುಗಟ್ಟಲೆ ಗೂಡಿನಲ್ಲೇ ಇತ್ತು. ಯಾಕೆಂದು ನಾನು ಕೇಳಲಿಲ್ಲ.

2006ರಲ್ಲಿ, ಬಾಬಾಸಾಹೇಬರ ದೀಕ್ಷೆಗೆ 50 ವರ್ಷ ತುಂಬಿದ ಅಕ್ಟೋಬರಿನಲ್ಲಿ, ನಾನು ನಾಗಪುರಕ್ಕೆ ಹೋಗಿ ಬಂದೆ. 22 ಪ್ರತಿಜ್ಞೆಗಳನ್ನು ತೆಗೆದುಕೊಂಡೆ. ಬಂದವನೇ ಮನೆಯನ್ನು ಶುದ್ಧ ಮಾಡಲು ಹೊರಟೆ. ಗೂಡಿನಲ್ಲಿದ್ದುದನ್ನೆಲ್ಲ ಒಂದು ಚೀಲಕ್ಕೆ ತುಂಬಿದೆ. ಪಟಗಳು, ಕಳಸದ ತಂಬಿಗೆ, ಆ ಮಣ್ಣೆತ್ತು. ಸೀದಾ ಹೊನ್ನಾಳಿಗೆ ಹೋಗಿ ತುಂಗಭದ್ರೆಗೆ ಬಿಟ್ಟು ಬಂದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಬೇಡ ಅನ್ನಲಿಲ್ಲ. ಮಗ ಓದಿದವನು, ಬಾಬಾಸಾಹೇಬರ ದಾರಿ ಹಿಡಿದವನು, ಸರಿಯೇ ಮಾಡುತ್ತಾನೆ ಅನ್ನುವ ನಂಬಿಕೆ ಅವಳದು.

ಆ ವರ್ಷ ಎಡೆ ಇಡುವುದನ್ನೂ ನಿಲ್ಲಿಸಿದೆವು. ಅದಕ್ಕೂ ಅವಳು ಒಪ್ಪಿದಳು. ಆದರೆ ಒಂದು ಮಾತು ಕೇಳಿದಳು: "ಹಂಗಾದ್ರ ಅದಕ್ಕ ಇನ್ನ ಯಾರು ಕೊಡ್ತಾರ?"

"ಸತ್ತವರಿಗೆ ಹಸಿವಿಲ್ಲ ಅವ್ವಾ" ಎಂದೆ.

ನನ್ನ ಉತ್ತರ ಸರಿಯಾಗಿತ್ತು. ಅವಳ ಪ್ರಶ್ನೆ ಬೇರೆ ಇತ್ತು. ಅದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಎಂಬತ್ತು ದಾಟಿತ್ತು. ತ್ರಿಸರಣ, ಪಂಚಶೀಲ ಹೇಳಿ ಕಳಿಸಿದೆವು. ಪುಣ್ಯಾನುಮೋದನೆ ಮುಗಿದ ಮಾರನೇ ದಿನ ದೊಡ್ಡಕ್ಕನೂ ನಾನೂ ಕೂತು ಟ್ರಂಕು ತೆಗೆದೆವು. ಮೇಲೆ ದೀಕ್ಷೆಯ ದಿನದ ಬಿಳಿ ಸೀರೆ. ಅದರ ಕೆಳಗೆ ಹಳೆಯ ಕೌದಿಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು. ಗಂಟಿನಲ್ಲಿ ಒಂದು ಚಿಕ್ಕ ಲಂಗ, ಮೂರು ಹಸಿರು ಬಳೆ, ಕಟ್ಟು ಬಿಟ್ಟ ಒಂದು ಸ್ಲೇಟು, ಮತ್ತು ಒಂದು ಮಣ್ಣೆತ್ತು. ಒಂದು ಕೊಂಬು ಮುರಿದಿತ್ತು. ಕಣ್ಣಿಗೆ ಗುಲಗಂಜಿ ಒತ್ತಿದ್ದರು.

ನಾನು ಅದನ್ನು ಕೈಯಲ್ಲಿ ಹಿಡಿದು, "ಅವ್ವ ಇನ್ನೂ ಇದನ್ನೆಲ್ಲ ಪೂಜೆ ಮಾಡ್ತಿದ್ಲಾ?" ಎಂದೆ.

ದೊಡ್ಡಕ್ಕ ನನ್ನ ಮುಖ ನೋಡಿದಳು. "ಪೂಜಿದಲ್ಲ ತಮ್ಮಾ. ಅದು ಸಣ್ಣಾಕಿ ಮಾಡಿದ ಎತ್ತು. ಜೋಡಿ ಇದ್ವು. ಇದರ ಕೊಂಬು ಮುರೀತು ಅಂತ ಟ್ರಂಕಿನಾಗ ಇಟ್ಲು. ಚಂದ ಇದ್ದದ್ದು ಗೂಡಿನಾಗ ಇತ್ತು."

ಚೆಂದ ಇದ್ದದ್ದನ್ನು ನಾನು ಹೊಳೆಗೆ ಬಿಟ್ಟಿದ್ದೆ. ಅದು ಸುಡದ ಹಸಿ ಮಣ್ಣು. ನೀರಿಗೆ ಬಿದ್ದ ಗಳಿಗೆಯಲ್ಲೇ ಕರಗಿರಬೇಕು.

ಆಮೇಲೆ ದೊಡ್ಡಕ್ಕ ಹೇಳಿದ್ದು ಇಷ್ಟು. 1971ರ ಮುಂಗಾರು. ಆ ಜೂನ್‌ನಲ್ಲಿ ಸಣ್ಣಕ್ಕನನ್ನು ಒಂದನೇ ಇಯತ್ತೆಗೆ ಹಾಕಿದ್ದರು. ನಮ್ಮ ಮನೆಯಲ್ಲಿ ಸ್ಲೇಟು ಹಿಡಿದ ಮೊದಲ ಹೆಣ್ಣುಮಗಳು ಅವಳು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕೆರೆಯಂಗಳದ ಎರೆಮಣ್ಣು ತಂದು, ಯಾರ ಕೈಗೂ ಕೊಡದೆ ತಾನೇ ಎರಡು ಎತ್ತು ಮಾಡಿದಳು. ಹಬ್ಬವಾಗಿ ನಾಲ್ಕೈದು ದಿನಕ್ಕೆ ಹೊಸ ನೀರು ಬಂತು. ಆ ಊರಿನ ಸೇದುವ ಬಾವಿ ನಮ್ಮ ಕೇರಿಯವರದಲ್ಲ. ಅಲ್ಲಿ ಯಾರಾದರೂ ಮೇಲಿಂದ ಕೊಡಕ್ಕೆ ಹೊಯ್ದರೆ ಉಂಟು, ಇಲ್ಲದಿದ್ದರೆ ಹಳ್ಳದಲ್ಲಿ ಒರತೆ ತೋಡಿ ತರಬೇಕು. ಹಳ್ಳಕ್ಕೆ ಹೊಸ ನೀರು ಬಂದರೆ ಊರಿನ ಕೊಳೆಯೆಲ್ಲ ಅದರಲ್ಲೇ. ಆ ವಾರ ಕೇರಿಯಲ್ಲಿ ವಾಂತಿಭೇದಿ ಶುರುವಾಯಿತು. ಸಣ್ಣಕ್ಕನಿಗೆ ಸಂಜೆ ಹಿಡಿದದ್ದು ಬೆಳಗಿನ ಜಾವಕ್ಕೆ ಮುಗಿಸಿತು.

"ರಾತ್ರಿಯೆಲ್ಲ ನೀರು ನೀರು ಅಂದ್ಲು" ಎಂದಳು ದೊಡ್ಡಕ್ಕ. "ನೀರು ಕೊಟ್ರ ಭೇದಿ ಹೆಚ್ಚಾಗ್ತೈತಿ, ಕೊಡಬ್ಯಾಡ ಅಂದ್ರು ದೊಡ್ಡೋರು. ಅವ್ವ ಕೊಡಲಿಲ್ಲ. ಬಟ್ಟಿ ಒದ್ದಿ ಮಾಡಿ ತುಟಿಗೆ ಒರೆಸಿದ್ಲು, ಅಷ್ಟೇ."

ಇದನ್ನು ಕೇಳಿದಾಗ ನನಗೆ ಇನ್ನೊಂದು ದಿನ ನೆನಪಾಯಿತು. ಶಾಲೆಯಲ್ಲಿ ಮಕ್ಕಳಿಗೆ ಓಆರ್‌ಎಸ್ ಬಗ್ಗೆ ಪಾಠ ಮಾಡಿ ಮನೆಗೆ ಬಂದಿದ್ದೆ. ಊಟಕ್ಕೆ ಕೂತು ಹೆಂಡತಿಗೆ ಹೇಳುತ್ತಿದ್ದೆ: ಹಿಂದೆ ತಿಳಿವಳಿಕೆ ಇಲ್ಲದ ತಾಯಂದಿರು ಭೇದಿಯಾದ ಮಕ್ಕಳಿಗೆ ನೀರು ಕೊಡದೆ ತಾವೇ ಕೊಲ್ಲುತ್ತಿದ್ದರು ಎಂದು. ಅವ್ವ ಅಲ್ಲೇ ಇದ್ದಳು. ಎದ್ದು ಒಳಗೆ ಹೋದಳು. ಏನೋ ಕೆಲಸವಿರಬೇಕು ಅಂದುಕೊಂಡೆ.

ಬಂಧುಗಳೇ, ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ.

ಬಾಬಾಸಾಹೇಬರು "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಭಗವಾನರ ಮಾನವೀಯತೆಯನ್ನು ಹೇಳುವಾಗ, ದುಃಖಿಗಳ ಗಾಯ ಮಾಯಿಸಿದವರು ಎಂಬ ಭಾಗದಲ್ಲಿ ಇಬ್ಬರು ಹೆಂಗಸರನ್ನು ಒಟ್ಟಿಗೆ ತರುತ್ತಾರೆ. ಒಬ್ಬಳು ವಿಶಾಖಾ, ಮೊಮ್ಮಗುವನ್ನು ಕಳೆದುಕೊಂಡವಳು. ಇನ್ನೊಬ್ಬಳು ಕಿಸಾಗೋತಮಿ, ಮಗನನ್ನು ಕಳೆದುಕೊಂಡವಳು. ಕಿಸಾಗೋತಮಿಯ ಕತೆ ನಮಗೆಲ್ಲ ಬಾಯಿಪಾಠ. ಸಾವು ಕಾಣದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎಂದರು, ಅವಳು ಮನೆಮನೆ ತಿರುಗಿದಳು, ಅಂಥ ಮನೆ ಸಿಗಲಿಲ್ಲ, ಅವಳಿಗೆ ತಿಳಿಯಿತು. ನಾನೂ ಎಷ್ಟೋ ಕಡೆ ಈ ಕತೆ ಹೇಳಿದ್ದೇನೆ. ಕೊನೆಯಲ್ಲಿ "ಎಲ್ಲವೂ ಅನಿತ್ಯ, ಆದ್ದರಿಂದ ಅಳಬೇಡಿ" ಎಂದು ಮುಗಿಸುತ್ತಿದ್ದೆ.

ಆ ಗಂಟು ಬಿಚ್ಚಿದ ಮೇಲೆ ಈ ಕತೆಯನ್ನು ಮತ್ತೆ ಓದಿದೆ. ಮೊದಲು ಕಾಣದೆ ಇದ್ದ ಮೂರು ಸಂಗತಿ ಕಂಡವು.

ಒಂದನೆಯದು, ಭಗವಾನರು ಅವಳ ಕೈಯಿಂದ ಮಗುವನ್ನು ಕಿತ್ತುಕೊಳ್ಳಲಿಲ್ಲ. "ಇದು ಸತ್ತಿದೆ, ಬಿಸಾಡು" ಎನ್ನಲಿಲ್ಲ. ಅಂದಿದ್ದರೆ ಅದು ನಿಜವೇ ಆಗಿರುತ್ತಿತ್ತು. ಆದರೂ ಅನ್ನಲಿಲ್ಲ. ಅವಳೇ ನಡೆದು, ಅವಳೇ ಕೇಳಿ, ಅವಳೇ ತಿಳಿದು, ಅವಳ ಕೈಯಿಂದಲೇ ಇಳಿಸುವವರೆಗೆ ಕಾದರು. ನಾನು ಅವ್ವನಿಗಾಗಿ ಒಂದು ದಿನವೂ ಕಾಯಲಿಲ್ಲ. ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ನಿಜ ಹೇಳುವುದು ಬೇರೆ, ಆ ನಿಜಕ್ಕೆ ಇನ್ನೊಬ್ಬರು ತಾವಾಗಿ ಬರುವಷ್ಟು ಜಾಗ ಬಿಡುವುದು ಬೇರೆ. ಎರಡನೆಯದೇ ಕರುಣೆ.

ಎರಡನೆಯದು, ಅವಳು ಹೋದ ಮನೆಗಳಲ್ಲಿ ಏನಾಯಿತು? ಪ್ರತಿ ಮನೆಯವರೂ ತಮ್ಮ ಸತ್ತವರ ಸುದ್ದಿ ಹೇಳಿದರು. ಅಂದರೆ ಆ ಔಷಧಿ ಇದ್ದದ್ದು ಸಾಸಿವೆಯಲ್ಲಲ್ಲ, ಆ ಮಾತುಗಳಲ್ಲಿ. ಊರಿಗೆ ಊರೇ ತನ್ನ ಸತ್ತವರನ್ನು ನೆನೆದು ಅವಳೊಂದಿಗೆ ಹಂಚಿಕೊಂಡಿತು. ನೆನಪನ್ನು ಅಳಿಸಿ ಅವಳು ಗುಣವಾಗಲಿಲ್ಲ. ನೆನಪನ್ನು ಹಂಚಿಕೊಂಡು ಗುಣವಾದಳು. ನಮ್ಮ ಅವ್ವನಿಗೆ ಅದು ಸಿಗಲಿಲ್ಲ. ಐವತ್ತು ವರ್ಷ ಒಂದೇ ಸೂರಿನಡಿ ಇದ್ದ ಮಗನೇ ಕೇಳಲಿಲ್ಲ. ಅದಕ್ಕೇ ಆ ನೆನಪು ಟ್ರಂಕು ಸೇರಿತು.

ಮೂರನೆಯದು ನಮಗೇ ಸೇರಿದ ಮಾತು. ಆ ಊರಿನಲ್ಲಿ ಕಿಸಾಗೋತಮಿಗೆ ಎಲ್ಲ ಮನೆಯ ಬಾಗಿಲೂ ತೆರೆಯಿತು. 1971ರಲ್ಲಿ ನಮ್ಮ ಅವ್ವ ಸಾಸಿವೆ ಕೇಳಲು ಹೊರಟಿದ್ದರೆ ಎಷ್ಟು ಮನೆಯ ಹೊಸ್ತಿಲವರೆಗೆ ಹೋಗಬಹುದಿತ್ತು? ಬಾವಿಯ ಕಟ್ಟೆಯನ್ನೇ ಮುಟ್ಟುವಂತಿರಲಿಲ್ಲ. ಸಾವು ಎಲ್ಲ ಮನೆಗೂ ಬರುತ್ತದೆ, ಅದು ಅನಿತ್ಯ. ಆದರೆ ಆರನೇ ವರ್ಷಕ್ಕೆ, ಕುಡಿಯುವ ನೀರಿನಿಂದ ಬರುವ ಸಾವು ಎಲ್ಲ ಮನೆಗೂ ಒಂದೇ ಸಮ ಬರುವುದಿಲ್ಲ. ಅದು ಅನಿತ್ಯವಲ್ಲ, ಅನ್ಯಾಯ. ಈ ಎರಡನ್ನೂ ಒಂದೇ ಮಾಡಿ ಸಮಾಧಾನ ಹೇಳಿದರೆ ಧಮ್ಮಕ್ಕೆ ಅಪಚಾರ ಮಾಡಿದಂತೆ.

ಸಣ್ಣಕ್ಕ ಹೋದ ಅದೇ 1971ರ ಮಳೆಗಾಲದಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತ್ತು. ಡಾಕ್ಟರ್ ದಿಲೀಪ್ ಮಹಲನಬಿಸ್ ಅಲ್ಲಿದ್ದರು. ರಕ್ತನಾಳಕ್ಕೆ ಹಾಕುವ ಸಲೈನ್ ಸಾಲದೆ ಹೋದಾಗ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಬಾಯಿಂದಲೇ ಕುಡಿಸಿದರು. ಅಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ಮೂರು ನಾಲ್ಕಕ್ಕೆ ಇಳಿಯಿತು. ಅಂದರೆ ಸಣ್ಣಕ್ಕನನ್ನು ಉಳಿಸುವ ಔಷಧಿ ಆ ದಿನವೇ ಈ ದೇಶದಲ್ಲಿತ್ತು. ಅದು ಉಪ್ಪು, ಸಕ್ಕರೆ, ಶುದ್ಧ ನೀರು. ಮೊದಲ ಎರಡು ನಮ್ಮ ಮನೆಯಲ್ಲೂ ಇದ್ದಿರಬಹುದು. ಮೂರನೆಯದು ಊರ ಬಾವಿಯಲ್ಲಿತ್ತು. ಅವ್ವ ತಪ್ಪು ಮಾಡಲಿಲ್ಲ. ಅವಳಿಗೆ ತಿಳಿವಳಿಕೆಯನ್ನೂ ಕೊಡಲಿಲ್ಲ, ನೀರನ್ನೂ ಕೊಡಲಿಲ್ಲ. ಆಮೇಲೆ ನನ್ನಂಥವನು ಬಂದು ತಪ್ಪನ್ನು ಮಾತ್ರ ಕೊಟ್ಟ.

ಬಾಬಾಸಾಹೇಬರ ಮನೆಯ ಕತೆಯನ್ನೂ ಇಲ್ಲಿ ನೆನೆಯಬೇಕು. ಭೀಮಾಬಾಯಿಯವರಿಗೆ ಅವರು ಹದಿನಾಲ್ಕನೆಯ ಮಗು. ಹದಿನಾಲ್ವರಲ್ಲಿ ಬೆಳೆದು ದೊಡ್ಡವರಾದವರು ಮೂವರು ಗಂಡು, ಇಬ್ಬರು ಹೆಣ್ಣು. ಬಾಬಾಸಾಹೇಬ್ ಮತ್ತು ರಮಾಬಾಯಿಯವರಿಗೆ ಐದು ಮಕ್ಕಳು. ಗಂಗಾಧರ, ರಮೇಶ, ಇಂದು, ರಾಜರತ್ನ ನಾಲ್ವರೂ ಎಳವೆಯಲ್ಲೇ ಹೋದರು. ಉಳಿದವರು 1912ರಲ್ಲಿ ಹುಟ್ಟಿದ ಯಶವಂತರು ಒಬ್ಬರೇ. ಕೊನೆಯ ಮಗ ರಾಜರತ್ನ ತೀರಿಕೊಂಡದ್ದು 1926ರ ಜುಲೈಯಲ್ಲಿ. ಮರುತಿಂಗಳು ಬಾಬಾಸಾಹೇಬರು ಗೆಳೆಯ ದತ್ತೋಬಾ ಪವಾರರಿಗೆ ಒಂದು ಪತ್ರ ಬರೆದರು. ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ ಸಂಕಟ, ಬದುಕಿನ ರುಚಿಯೇ ಹೋಯಿತು ಎನ್ನುವ ನೋವು ಆ ಪತ್ರದಲ್ಲಿದೆ. ಅದು ಯಾರೋ ಸೋತವರ ಪತ್ರವಲ್ಲ, ಬಾಬಾಸಾಹೇಬರದು. ಆ ಗೆಳೆಯ ಅದನ್ನು ಹರಿದು ಎಸೆಯಲಿಲ್ಲ. ಇಟ್ಟುಕೊಂಡದ್ದರಿಂದಲೇ ಅದು ಧನಂಜಯ ಕೀರರು ಬರೆದ ಜೀವನಚರಿತ್ರೆಗೆ ಬಂತು, ನಮಗೂ ತಲುಪಿತು. ಆ ಪತ್ರವೂ ಒಂದು ಗಂಟೇ.

ಆ ಪತ್ರದ ಮುಂದಿನ ವರ್ಷ, 1927ರ ಮಾರ್ಚ್ 20ರಂದು, ಅವರು ಮಹಾಡಿನ ಚವದಾರ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ನೀರು ಮುಟ್ಟಿದರು. ಇದರಿಂದ ಅದಾಯಿತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ನನಗೆ ಹಕ್ಕಿಲ್ಲ. ಒಂದು ಮಾತ್ರ ಹೇಳಬಹುದು: ಎದೆಯಲ್ಲಿ ನಾಲ್ಕು ಮಕ್ಕಳ ನೆನಪು ಇಟ್ಟುಕೊಂಡ ಮನುಷ್ಯನೇ ಎಲ್ಲರ ಮಕ್ಕಳ ನೀರಿಗಾಗಿ ನಡೆದರು. ಆ ನೆನಪು ಅವರ ಕಾಲನ್ನು ಕಟ್ಟಿಹಾಕಲಿಲ್ಲ.

ಹಾಗಾದರೆ ನಮ್ಮ ಪ್ರತಿಜ್ಞೆ? ಆರನೆಯ ಪ್ರತಿಜ್ಞೆಯಲ್ಲಿ ನಾವು ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂದು ಮಾತು ಕೊಟ್ಟಿದ್ದೇವೆ. ಅದರಲ್ಲಿ ಒಂದಕ್ಷರವೂ ಸಡಿಲಾಗಬಾರದು. ಸತ್ತವರು ಹಸಿದು ಅಲೆಯುತ್ತಾರೆ, ಪುರೋಹಿತನ ಕೈಯಿಂದ ಕೊಟ್ಟರೆ ಮಾತ್ರ ಅವರಿಗೆ ತಲುಪುತ್ತದೆ, ಕೊಡದಿದ್ದರೆ ಮನೆಗೆ ಕೇಡು ಎನ್ನುವ ಭಯದ ಬೇರನ್ನು ಬಾಬಾಸಾಹೇಬರು ಕತ್ತರಿಸಿದರು. ಅವರು ಕತ್ತರಿಸಿದ್ದು ಭಯವನ್ನು. ಪ್ರೀತಿಯನ್ನಲ್ಲ. ನಾನು ಎರಡನ್ನೂ ಒಂದೇ ಕುಡುಗೋಲಿನಿಂದ ಕೊಯ್ದೆ.

ನಮ್ಮ ಪರಂಪರೆಯಲ್ಲೇ ನೋಡಿ. ಕುಸಿನಾರದಲ್ಲಿ ಭಗವಾನರ ಪರಿನಿಬ್ಬಾಣವಾದ ಮೇಲೆ ಅವರ ಅಸ್ಥಿಯನ್ನು ಎಂಟು ಪಾಲು ಮಾಡಿದರು. ಪಾಲು ಮಾಡಿಕೊಟ್ಟ ದ್ರೋಣ ತನಗೆ ಅಳೆದ ಪಾತ್ರೆಯನ್ನಾದರೂ ಕೊಡಿ ಎಂದ. ಪಿಪ್ಫಲಿವನದ ಮೋರಿಯರು ತಡವಾಗಿ ಬಂದರು, ಅವರಿಗೆ ಸಿಕ್ಕಿದ್ದು ಚಿತೆಯ ಕೆಂಡ ಮಾತ್ರ. ಅವರು ಅದನ್ನೇ ಒಯ್ದು ಅದರ ಮೇಲೆ ಸ್ತೂಪ ಕಟ್ಟಿದರು. ಪಾತ್ರೆಗೂ ಒಂದು ಸ್ತೂಪ, ಕೆಂಡಕ್ಕೂ ಒಂದು ಸ್ತೂಪ. ಎಲ್ಲವೂ ಅನಿತ್ಯ ಎಂದು ಕೊನೆಯ ಉಸಿರಿನಲ್ಲೂ ಹೇಳಿದವರ ನೆನಪಿಗೇ ಇದನ್ನೆಲ್ಲ ಮಾಡಿದರು. ಚೇತಿಯಗಳಲ್ಲಿ ಪಾರಿಭೋಗಿಕ ಎಂದು ಒಂದು ಬಗೆಯೇ ಇದೆ. ಹೋದವರು ಬಳಸಿದ ವಸ್ತು ಎಂದು ಅರ್ಥ.

ಇಲ್ಲಿಂದ ಬಹಳ ದೂರವಿಲ್ಲದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನಾವು ಅಶೋಕ ಚಕ್ರವರ್ತಿಯ ಶಾಸನಕ್ಕಾಗಿ ನೋಡಲು ಹೋಗುತ್ತೇವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಶಾಸನ ಅದು. ಅದೇ ಗುಡ್ಡದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ, ಅಶೋಕನಿಗಿಂತಲೂ ಎಷ್ಟೋ ಹಿಂದಿನ ಕಲ್ಲುಕೊಡಲಿ ಕಾಲದ ಜನರ ಕುರುಹುಗಳು ಸಿಕ್ಕವು. ಆ ಜನ ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಎಳೆಗೂಸುಗಳನ್ನು ಮಾತ್ರ ಮಣ್ಣಿನ ಮಡಕೆಯಲ್ಲಿ ಮಡಿಸಿ ಇಟ್ಟು ಹೂಳುತ್ತಿದ್ದರು. ದೇವರು, ಪುರೋಹಿತ, ಶಾಸ್ತ್ರ ಯಾವುದೂ ಈಗಿನಂತೆ ಇಲ್ಲದ ಕಾಲದಲ್ಲೂ, ಈ ನೆಲದ ತಾಯಿ ಸತ್ತ ಕೂಸನ್ನು ಬರಿ ಮಣ್ಣಿಗೆ ಹಾಕಲು ಮನಸ್ಸಾಗದೆ ಮಡಕೆ ಹುಡುಕಿದ್ದಾಳೆ ಎಂದು ನನಗನಿಸುತ್ತದೆ. ಇದನ್ನು ಮೂಢನಂಬಿಕೆ ಎನ್ನಲು ಈಗ ನನ್ನ ನಾಲಿಗೆ ಏಳುವುದಿಲ್ಲ.

ನಾಗಪುರದ ಬಳಿ ಚಿಚೋಲಿಯ ಶಾಂತಿವನದಲ್ಲಿ ಬಾಬಾಸಾಹೇಬರು ತೊಟ್ಟ ಬಟ್ಟೆ, ಅವರ ಟೈಪ್‌ರೈಟರ್ ಎಲ್ಲ ಜೋಪಾನವಾಗಿವೆ. ಅವುಗಳ ಎದುರು ನಿಂತು ಕಣ್ಣೀರು ಹಾಕಿದವನು ನಾನೇ. ಆ ಕೋಟಿಗೆ ಯಾರೂ ಎಡೆ ಇಡುವುದಿಲ್ಲ, ಮಳೆ ಕೊಡು ಬೆಳೆ ಕೊಡು ಎಂದು ಕೇಳುವುದಿಲ್ಲ. ಅದನ್ನು ನೋಡಿ "ನಾನು ಹೇಗೆ ಬದುಕಬೇಕು" ಎಂದು ನಮ್ಮನ್ನು ನಾವೇ ಕೇಳಿಕೊಳ್ಳುತ್ತೇವೆ. ಹಾಗಿದ್ದರೆ ಆರು ವರ್ಷದ ಒಂದು ಕೇರಿಯ ಹುಡುಗಿ ಮಾಡಿದ ಎತ್ತಿಗೆ ಅಷ್ಟು ಜಾಗ ಇರಬಾರದೇ?

ಪಾಳಿಯಲ್ಲಿ ಸತಿ ಎನ್ನುತ್ತೇವೆ. ಎಚ್ಚರ ಎಂದು ಅರ್ಥ ಹೇಳುತ್ತೇವೆ. ಆ ಪದದ ಮೂಲ ಅರ್ಥ ನೆನಪು, ಸ್ಮೃತಿ. ನೆನಪಿಲ್ಲದೆ ಎಚ್ಚರವಿಲ್ಲ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟ ಸ್ಮೃತಿ ಬೇರೆ. ಅದು ನಮ್ಮನ್ನು ಮನುಷ್ಯರೆಂದು ಎಣಿಸದವರು ಬರೆದದ್ದು. ನಮ್ಮ ಅವ್ವಂದಿರು ಗಂಟು ಕಟ್ಟಿ ಇಟ್ಟಿರುವ ಸ್ಮೃತಿ ಬೇರೆ. ಅದನ್ನು ಯಾರೂ ಬರೆದಿಲ್ಲ. ಅದು ಹೋದರೆ ಹೋಯಿತು.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ನಾನು ಮೇಷ್ಟ್ರು, ದಾಖಲೆ ಎಲ್ಲಿರುತ್ತದೆ ಎಂದು ಗೊತ್ತು. ಊರಿಗೆ ಹೋಗಿ ಆ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆಗೆಸಿ ನೋಡಿದೆ. 1971ರ ಜೂನ್. ಅವಳ ಹೆಸರಿತ್ತು. ಅಪ್ಪನ ಹೆಸರು, ಜಾತಿ, ಹುಟ್ಟಿದ ದಿನ ಎಂದು ಎಲ್ಲರಿಗೂ ಬರೆಯುವ ಜೂನ್ ಒಂದು. ಕೊನೆಯ ಕಲಂನಲ್ಲಿ ಶಾಲೆ ಬಿಟ್ಟ ಕಾರಣ: "ಸತತ ಗೈರುಹಾಜರಿ." ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಆಗಿತ್ತು. ಆದರೂ ಅವಳು ಸತ್ತಳೆಂದು ಯಾವ ಕಾಗದದಲ್ಲೂ ಇಲ್ಲ. ಸರಕಾರದ ಲೆಕ್ಕದಲ್ಲಿ ಅವಳು ಇನ್ನೂ ಶಾಲೆಗೆ ಬಾರದೆ ತಪ್ಪಿಸಿಕೊಂಡಿರುವ ಹುಡುಗಿ. ಆ ವಾರ ಕೇರಿಯಲ್ಲಿ ಎಷ್ಟು ಮಕ್ಕಳು ಹೋದವು, ಯಾವ ನೀರು ಕುಡಿದು ಹೋದವು ಎಂಬುದಕ್ಕೆ ಇರುವ ಒಂದೇ ಸಾಕ್ಷಿ ದೊಡ್ಡಕ್ಕನ ಮಾತು ಮತ್ತು ಅವ್ವನ ಗಂಟು. ಆ ಗಂಟನ್ನೂ ಹೊಳೆಗೆ ಬಿಟ್ಟಿದ್ದರೆ ಅನ್ಯಾಯ ಮಾಡಿದವರ ಕೆಲಸವನ್ನು ನಾನೇ ಪೂರ್ತಿ ಮಾಡಿಕೊಟ್ಟಂತಾಗುತ್ತಿತ್ತು.

ಹಾಗೆಂದು ಎಲ್ಲ ನೆನಪೂ ಒಳ್ಳೆಯದೆಂದು ಹೇಳುವುದಿಲ್ಲ. ವಿಶಾಖೆಗೆ ಭಗವಾನರು ಹೇಳಿದ್ದನ್ನೂ ಮರೆಯಬಾರದು. ಸಾವತ್ಥಿಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಮಕ್ಕಳು ಮೊಮ್ಮಕ್ಕಳು ನನಗಿರಲಿ ಎಂದಳು ಅವಳು. ಅಲ್ಲಿ ದಿನಕ್ಕೆ ಎಷ್ಟು ಜನ ಸಾಯುತ್ತಾರೆ, ನಿನ್ನ ಕೂದಲು ಒಣಗುವುದು ಯಾವಾಗ ಎಂದು ಕೇಳಿದರು ಭಗವಾನರು. ನನ್ನದು ನನ್ನದು ಎಂದು ಹಿಡಿದಷ್ಟೂ ದುಃಖ. ಅವ್ವನೂ ತನ್ನ ದುಃಖವನ್ನು ಹಿಡಿದೇ ಇದ್ದಳು, ಅದರಿಂದ ನವೆದಳು. ಆದ್ದರಿಂದ ಒಂದು ವಸ್ತು ಇಟ್ಟುಕೊಳ್ಳುವ ಮೊದಲು ನಮ್ಮನ್ನು ನಾವು ಕೇಳಿಕೊಳ್ಳಬೇಕಾದ್ದು ಇವು ಎಂದು ನನಗನ್ನಿಸುತ್ತದೆ.

ಇದನ್ನು ಭಯದಿಂದ ಇಟ್ಟಿದ್ದೇನೆಯೇ, ಪ್ರೀತಿಯಿಂದ ಇಟ್ಟಿದ್ದೇನೆಯೇ? ಭಯವಾದರೆ ಬಿಡಿ.

ಇದನ್ನು ನೋಡಿದಾಗ ಮನಸ್ಸು ಬೇರೆ ಮಕ್ಕಳ ಕಡೆ ತೆರೆಯುತ್ತದೆಯೇ, ಅವರನ್ನು ಕಂಡರೆ ಮುಚ್ಚಿಕೊಳ್ಳುತ್ತದೆಯೇ? ಮುಚ್ಚಿಕೊಂಡರೆ ಅದು ಉಪಾದಾನ.

ಇದರ ಕತೆಯನ್ನು ಯಾರಿಗಾದರೂ ಹೇಳಿದ್ದೇನೆಯೇ, ಒಬ್ಬಳೇ ಹೊತ್ತಿದ್ದೇನೆಯೇ? ಒಬ್ಬಳೇ ಹೊತ್ತಿದ್ದರೆ ವಸ್ತುವನ್ನು ಎಸೆಯಬೇಡಿ, ಕತೆಯನ್ನು ಹೇಳಿ.

ಚನ್ನಗಿರಿಯ ತಾಯಿ, ನಿಮ್ಮ ಮಗನ ಅಂಗಿ ಬೀರುವಿನಲ್ಲಿ ಇರಲಿ. ಮುಂದಿನ ಭಾನುವಾರ ಅದನ್ನು ಕೂಟಕ್ಕೆ ತನ್ನಿ. ಅವನು ಹೇಗೆ ನಗುತ್ತಿದ್ದ, ಏನು ತಿನ್ನುತ್ತಿದ್ದ, ಹೇಳಿ. ನಾವೆಲ್ಲ ಕೂತು ಕೇಳುತ್ತೇವೆ. ಅದೇ ನಮ್ಮ ಸಾಸಿವೆ.

ಆ ಮುರಿದ ಕೊಂಬಿನ ಎತ್ತು ಈಗ ನಮ್ಮ ಮನೆಯಲ್ಲಿ ಪುಸ್ತಕದ ಕಪಾಟಿನಲ್ಲಿದೆ. ಅದರ ಮುಂದೆ ದೀಪವಿಲ್ಲ, ಊದುಬತ್ತಿಯಿಲ್ಲ. ಬೆನ್ನಿನ ಮೇಲೆ ಮಣ್ಣು ಒತ್ತಿದ ಚಿಕ್ಕ ಹೆಬ್ಬೆರಳಿನ ಗುರುತು ಇದೆ. ಅವಳದು ಎಂದು ಉಳಿದಿರುವ ಮೈಗುರುತು ಅದೊಂದೇ. ಮೊಮ್ಮಗಳು ಬಂದಾಗ ತನ್ನ ಹೆಬ್ಬೆರಳು ಇಟ್ಟು ನೋಡುತ್ತಾಳೆ. ಒಡೆದೀತು ಎಂದು ಸೊಸೆ ಗದರುತ್ತಾಳೆ. ಮಣ್ಣು, ಒಂದು ದಿನ ಒಡೆದೇ ಒಡೆಯುತ್ತದೆ. ಅದು ಅನಿತ್ಯ, ಅದಕ್ಕೆ ದುಃಖವಿಲ್ಲ. ನಾವಾಗಿ ಒಡೆಯುವುದು ಬೇಡ, ಅಷ್ಟೇ.

ಇನ್ನು, ಅವ್ವನ "ಅದಕ್ಕ ಯಾರು ಕೊಡ್ತಾರ" ಎಂಬ ಪ್ರಶ್ನೆ. ಸಣ್ಣಕ್ಕನಿಗೆ ಇನ್ನು ಯಾರೂ ಏನೂ ಕೊಡಲಾಗದು. ಆದರೆ ಅವಳು ಕೇಳಿದ ನೀರನ್ನು ಇನ್ನೊಂದು ಮಗುವಿಗೆ ಕೊಡಬಹುದು. ಮಣ್ಣೆತ್ತಿನ ಅಮಾವಾಸ್ಯೆಯ ವಾರ, ಹೊಸ ನೀರು ಬರುವ ಕಾಲಕ್ಕೆ, ದೊಡ್ಡಕ್ಕನೂ ನಾನೂ ನಮ್ಮ ಹಳೆ ಕೇರಿಗೆ ಹೋಗಿ ಬರುತ್ತೇವೆ. ನಲ್ಲಿ ಬಂದಿದೆ, ಟ್ಯಾಂಕು ತೊಳೆದಿದ್ದಾರೆಯೇ ನೋಡುತ್ತೇವೆ. ಎಳೆ ತಾಯಂದಿರಿಗೆ ಹೇಳುತ್ತೇವೆ: ಕುದಿಸಿ ಆರಿಸಿದ ಒಂದು ಲೀಟರ್ ನೀರು, ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿಯಾದ ಮಗು ನೀರು ಕೇಳಿದರೆ ಇಲ್ಲ ಅನ್ನಬೇಡಿ, ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ಇದನ್ನು ಹೇಳುವಾಗ ದೊಡ್ಡಕ್ಕ ಸಣ್ಣಕ್ಕನ ಹೆಸರು ಹೇಳಿಯೇ ಹೇಳುತ್ತಾಳೆ.

ಇಂದು ಒಂದು ಕೆಲಸ ಮಾಡೋಣ. ನಮ್ಮ ಮನೆಯ ಹಿರಿಯ ಹೆಂಗಸಿನ ಹತ್ತಿರ ಐದು ನಿಮಿಷ ಕೂತು, "ಅವ್ವಾ, ನಮ್ಮ ಮನೆಯಲ್ಲಿ ಹೋದ ಮಕ್ಕಳು ಯಾರಾದರೂ ಇದ್ದಾರೆಯೇ? ಅವರ ಹೆಸರೇನು?" ಎಂದು ಕೇಳೋಣ. ಬುದ್ಧಿ ಹೇಳದೆ, ಅನಿತ್ಯ ಎನ್ನದೆ, ಸುಮ್ಮನೆ ಕೇಳಿಸಿಕೊಳ್ಳೋಣ. ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಡೋಣ. ನನಗೆ ಆ ಐದು ನಿಮಿಷ ಸಿಗುವುದಿಲ್ಲ. ನಿಮಗೆ ಇನ್ನೂ ಇದೆ.

ಎಲ್ಲ ಮಕ್ಕಳಿಗೂ ಶುದ್ಧ ನೀರು ಸಿಗಲಿ. ಎಲ್ಲ ತಾಯಂದಿರ ಎದೆಯ ಭಾರ ಇಳಿಯಲಿ. ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.